ಗ್ಲೋರಿ, ಮೋರಿ ಮತ್ತು ಎಂಟನೆಯ ಸಾಲು: ಆಕ್ಸ್‌ಫರ್ಡ್‌ನ ಯುದ್ಧಕಾವ್ಯ ಸಂಗ್ರಹ ಒಂದು ಕವಿತೆಗೆ ಎಷ್ಟು ಒದಗುತ್ತದೆ?

ಮೊದಲ ಮಹಾಯುದ್ಧದಲ್ಲಿ ಕಾದಾಡಿದ ಇಂಗ್ಲಿಷ್ ಕವಿ ವಿಲ್ಫ್ರೆಡ್ ಓವನ್‌ನ ‘ಡುಲ್ಸೆ ಎಟ್ ಡೆಕೋರಮ್ ಎಸ್ಟ್’ 28 ಸಾಲಿನ ಕವಿತೆ. ದಣಿದ ಸೈನಿಕರ ಮೇಲೆ ವಿಷಾನಿಲ (ಗ್ಯಾಸ್) ಎರಗುತ್ತದೆ, ಕಣ್ಣೆದುರೇ ಒಬ್ಬ ಸಾಯುತ್ತಾನೆ; ನಾಡಿಗಾಗಿ ಸಾಯುವುದು ಸಿಹಿ ಎಂಬ ಲ್ಯಾಟಿನ್ ಮಾತನ್ನು ಕವಿ ಕೊನೆಗೆ ‘ಹಳೆಯ ಸುಳ್ಳು’ ಎನ್ನುತ್ತಾನೆ. ಕವಿ ತೀರಿಕೊಂಡು ನೂರು ವರ್ಷ ದಾಟಿರುವುದರಿಂದ ಹಕ್ಕುಸ್ವಾಮ್ಯದ ತಕರಾರಿಲ್ಲ. ಅಂತರ್ಜಾಲದಲ್ಲಿ ಕೈ ಚಾಚಿದಲ್ಲೆಲ್ಲ ಸಿಗುತ್ತದೆ. ಜೊತೆಗೆ ‘ಇದು ಯುದ್ಧವಿರೋಧಿ ಕವಿತೆ’ ಎಂಬ ಒಂದು ಸಾಲಿನ ತಾತ್ಪರ್ಯವೂ ಪುಕ್ಕಟೆ. ತಾತ್ಪರ್ಯವೇನೋ ತಪ್ಪಲ್ಲ. ಆದರೆ ಅಷ್ಟಕ್ಕೇ ನಿಂತರೆ ಕವಿತೆ ಓದಿದಂತೆಯೂ ಆಗುವುದಿಲ್ಲ. ಕವಿಯ ಸಿಟ್ಟು ಯುದ್ಧದ ಮೇಲೋ, ಯುದ್ಧದ ಬಗ್ಗೆ ಮನೆಯಲ್ಲಿ ಕೂತು ಹೇಳುವ ಸುಳ್ಳಿನ ಮೇಲೋ? ಅಥವಾ ಇದು ಸಿಟ್ಟೇ ಅಲ್ಲದೆ, ಕನಸಿನಲ್ಲಿ ಬಿಡದೆ ಕಾಡುವ ಒಂದು ಮುಖದ ಮುಂದೆ ಕೈಚೆಲ್ಲಿ ನಿಂತವನ ಮಾತೋ? ಮೂರೂ ಓದಿಗೆ ಪಠ್ಯದೊಳಗೇ ಆಧಾರವಿದೆ.

ಹಾಗೆ ಕವಲೊಡೆಯುವ ಜಾಗಗಳನ್ನು ತೋರಿಸುವ ಸಾಧನ ಯಾವುದು ಎಂದು ಹುಡುಕುವವರಿಗೆ ಮೊದಲು ಸಿಗಬೇಕಾದದ್ದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ‘ಫಸ್ಟ್ ವರ್ಲ್ಡ್ ವಾರ್ ಪೊಯೆಟ್ರಿ ಡಿಜಿಟಲ್ ಆರ್ಕೈವ್’. 2008ರಲ್ಲಿ ಶುರುವಾದ ಈ ಸಂಗ್ರಹದಲ್ಲಿ ಓವನ್ ಮಾತ್ರವಲ್ಲ, ಐಸಾಕ್ ರೋಸೆನ್‌ಬರ್ಗ್, ಎಡ್ವರ್ಡ್ ಥಾಮಸ್, ರಾಬರ್ಟ್ ಗ್ರೇವ್ಸ್, ವೆರಾ ಬ್ರಿಟನ್ ಮೊದಲಾದವರ ಹಸ್ತಪ್ರತಿಗಳ ಚಿತ್ರಗಳಿವೆ. ಜೊತೆಗೆ ಆ ಕಾಲದ ಛಾಯಾಚಿತ್ರ, ಧ್ವನಿ, ಚಲನಚಿತ್ರದ ತುಣುಕುಗಳೂ ಇವೆ. ನೋಡಲು ಹಣ ಕೊಡಬೇಕಿಲ್ಲ. ಇಲ್ಲಿ ವಿಮರ್ಶೆಗೆ ಇಟ್ಟುಕೊಂಡಿರುವುದು ಸಂಗ್ರಹದ ಇಡೀ ವಿಸ್ತಾರವನ್ನಲ್ಲ, ಒಂದೇ ಪ್ರಶ್ನೆಯನ್ನು: ಈ ಒಂದು ಕವಿತೆಯನ್ನು ಬೇರೆ ಬೇರೆ ರೀತಿಯಲ್ಲಿ ಓದಲು ಹೊರಟವರಿಗೆ ಇದು ಎಲ್ಲಿಯವರೆಗೆ ಜೊತೆ ಬರುತ್ತದೆ, ಎಲ್ಲಿ ಕೈಬಿಡುತ್ತದೆ?

ಮೊದಲು ಗೊತ್ತಿರಬೇಕಾದ ಸಂಗತಿ, ಈ ಕವಿತೆಗೆ ಕವಿಯೇ ನಿಂತು ಅಚ್ಚು ಹಾಕಿಸಿದ ಪಾಠವೇ (ಪಠ್ಯದ ರೂಪವೇ) ಇಲ್ಲ. ಓವನ್ ಇದನ್ನು ಬರೆದದ್ದು 1917ರ ಅಕ್ಟೋಬರ್‌ನಲ್ಲಿ, ಎಡಿನ್‌ಬರೋ ಪಕ್ಕದ ಕ್ರೇಗ್ಲಾಕ್‌ಹಾರ್ಟ್ ಯುದ್ಧ ಆಸ್ಪತ್ರೆಯಲ್ಲಿ, ‘ಶೆಲ್ ಶಾಕ್’ ಎಂಬ ಯುದ್ಧದ ಮಾನಸಿಕ ಆಘಾತಕ್ಕೆ ಚಿಕಿತ್ಸೆಯಲ್ಲಿದ್ದಾಗ. ಮರುವರ್ಷ ತಿದ್ದಿದ. 1918ರ ನವೆಂಬರ್ 4ರಂದು, ಯುದ್ಧ ನಿಲ್ಲಲು ಒಂದು ವಾರವಿದ್ದಾಗ, ಫ್ರಾನ್ಸಿನ ಓರ್ಸ್ ಬಳಿ ಕಾಲುವೆ ದಾಟುವ ಕಾದಾಟದಲ್ಲಿ ಸತ್ತ. ಆಗ ಅವನಿಗೆ 25 ವರ್ಷ. ಕವಿತೆ ಪುಸ್ತಕದಲ್ಲಿ ಬಂದದ್ದು 1920ರಲ್ಲಿ, ಕವಿ ಸೀಗ್‌ಫ್ರೀಡ್ ಸಸೂನ್‌ನ ಮುನ್ನುಡಿಯೊಂದಿಗೆ. ಆಮೇಲೆ 1931ರಲ್ಲಿ ಎಡ್ಮಂಡ್ ಬ್ಲಂಡೆನ್, 1963ರಲ್ಲಿ ಸಿ. ಡೇ ಲೂಯಿಸ್, 1983ರಲ್ಲಿ ಜಾನ್ ಸ್ಟಾಲ್‌ವರ್ದಿ ಮತ್ತೆ ಸಂಪಾದಿಸಿದರು. ಉಳಿದಿರುವುದು ನಾಲ್ಕು ಕರಡು: ಎರಡು ಬ್ರಿಟಿಷ್ ಲೈಬ್ರರಿಯಲ್ಲಿ, ಎರಡು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ. ಹಳಗನ್ನಡದ ಗ್ರಂಥಸಂಪಾದನೆ ಗೊತ್ತಿರುವವರಿಗೆ ಪಾಠಾಂತರ ಎಂದೊಡನೆ ಲಿಪಿಕಾರನ ಕೈತಪ್ಪು ನೆನಪಾಗುತ್ತದೆ. ಇಲ್ಲಿ ಹಾಗಲ್ಲ. ಪಾಠಾಂತರ ಮಾಡಿದ್ದು ಕವಿಯ ಕೈಯೇ.

ಸಂಗ್ರಹದ ನಿಜವಾದ ಬೆಲೆ ಇರುವುದು ಇಲ್ಲಿ. ಬಳಸುವ ಕ್ರಮ ಹೀಗಿದ್ದರೆ ಒಳ್ಳೆಯದು. ಮೊದಲು ನಿಮ್ಮ ಕೈಯಲ್ಲಿರುವ ಅಚ್ಚಿನ ಪಾಠ ಯಾವುದೆಂದು ಪತ್ತೆ ಮಾಡಿ. ಅದಕ್ಕೆ 28 ಸಾಲನ್ನೂ ತಾಳೆ ನೋಡಬೇಕಿಲ್ಲ. ಎಂಟನೆಯ ಸಾಲು ಸಾಕು. ದಣಿದ ಸೈನಿಕರಿಗೆ ಕೇಳಿಸದೆ ಹೋದ ಸದ್ದು ಯಾವುದರದ್ದು ಎಂದು ಹೇಳುವ ಸಾಲು ಅದು. ಒಂದು ಪಾಠದಲ್ಲಿ ಅದು ‘ಹಿಂದೆ ಮೆಲ್ಲನೆ ಬೀಳುತ್ತಿದ್ದ ಗ್ಯಾಸ್ ಶೆಲ್ಲುಗಳ’ ಸದ್ದು. ಇನ್ನೊಂದರಲ್ಲಿ ‘ದಣಿದು, ಓಟದಲ್ಲಿ ಸೋತು, ಹಿಂದೆ ಉದುರಿದ ಫೈವ್-ನೈನ್‌ಗಳ’ ಸದ್ದು. ಫೈವ್-ನೈನ್ ಅಂದರೆ 5.9 ಅಂಗುಲ ವ್ಯಾಸದ ಜರ್ಮನ್ ಫಿರಂಗಿ ಗುಂಡು. ಎರಡೂ ಪಾಠಗಳು ಇಂದಿಗೂ ಚಲಾವಣೆಯಲ್ಲಿವೆ. ಪಕ್ಕಪಕ್ಕದ ಎರಡು ತಾಣಗಳಲ್ಲಿ ಎರಡು ಬೇರೆ ಸಾಲು ಕಂಡವರು ಒಂದು ಮುದ್ರಣದೋಷ ಎಂದುಕೊಂಡು ಮುಂದೆ ಹೋಗುತ್ತಾರೆ. ದೋಷವಲ್ಲ ಅದು.

ವ್ಯತ್ಯಾಸ ಸಣ್ಣದೂ ಅಲ್ಲ. ‘ಗ್ಯಾಸ್ ಶೆಲ್’ ಪಾಠದಲ್ಲಿ ಓದುಗನಿಗೆ ಗ್ಯಾಸಿನ ವಿಷಯ ಎಂಟನೆಯ ಸಾಲಿಗೇ ಗೊತ್ತಾಗಿಬಿಡುತ್ತದೆ, ಸೈನಿಕರಿಗೆ ಗೊತ್ತಾಗುವುದು ಒಂಬತ್ತನೆಯದರಲ್ಲಿ, ‘ಗ್ಯಾಸ್!’ ಎಂಬ ಕೂಗು ಎದ್ದಾಗ. ಆ ಒಂದು ಸಾಲಿನ ಅಂತರದಲ್ಲಿ ನಾವು ತಿಳಿದೂ ಸುಮ್ಮನಿರುವ ಪ್ರೇಕ್ಷಕರು. ‘ಮೆಲ್ಲನೆ’ ಎಂಬುದೂ ಅಲಂಕಾರವಲ್ಲ. ಗ್ಯಾಸ್ ತುಂಬಿದ ಗುಂಡಿನಲ್ಲಿ ಸಿಡಿಮದ್ದು ಕಡಿಮೆ, ಹಾಗಾಗಿ ಸಿಡಿಯುವ ಸದ್ದೂ ಮೊಂಡು. ‘ಫೈವ್-ನೈನ್’ ಪಾಠದಲ್ಲಾದರೋ ಗುಂಡುಗಳೂ ಸೈನಿಕರಷ್ಟೇ ಸುಸ್ತಾಗಿವೆ, ಅಟ್ಟಿಸಿಕೊಂಡು ಬಂದು ಸೋತು ಬಿದ್ದಿವೆ, ಅಪಾಯ ಹಿಂದೆ ಉಳಿಯಿತು ಎನ್ನಿಸುತ್ತದೆ. ಆಗ ಒಂಬತ್ತನೆಯ ಸಾಲಿನ ಕೂಗು ಓದುಗನ ಮೇಲೂ ಸೈನಿಕನ ಮೇಲೂ ಒಟ್ಟಿಗೇ ಎರಗುತ್ತದೆ. ಲಯವೂ ಬೇರೆ: ಇಂಗ್ಲಿಷಿನಲ್ಲಿ ಮೊದಲನೆಯದು 9 ಉಚ್ಚಾರಾಂಶ, ಎರಡನೆಯದು 10. ಅಂದರೆ ಒಂದು ಪಾಠ ಕುಂಟುತ್ತದೆ, ಇನ್ನೊಂದು ಸರಿಯಾಗಿ ಹೆಜ್ಜೆ ಹಾಕುತ್ತದೆ. ಕುಂಟುವ ಸೈನಿಕರ ಚಿತ್ರಕ್ಕೆ ಕುಂಟುವ ಸಾಲೇ ಸರಿ ಎಂಬ ವಾದ ಹೂಡಬಹುದು. ನಮ್ಮ ಒಲವು ಎರಡನೆಯದರ ಕಡೆಗೆ. ಗುಂಡಿಗೂ ದಣಿವು ಹತ್ತಿದೆ ಎಂಬ ಕಲ್ಪನೆ ಆ ಚರಣದ ಉಳಿದ ಏಳೂ ಸಾಲುಗಳ ನಿದ್ದೆಗಣ್ಣಿಗೆ ಹೊಂದುತ್ತದೆ. ಒಲವು ಏನೇ ಇರಲಿ, ಪಾಠ ಯಾವುದೆಂದು ಹೇಳದೆ ‘ಒಂಬತ್ತನೆಯ ಸಾಲಿನ ಆಘಾತ’ದ ಬಗ್ಗೆ ಬರೆದ ಟಿಪ್ಪಣಿಯನ್ನು ನಂಬಲಾಗದು.

ಎರಡನೆಯ ಹೆಜ್ಜೆ, ಕರಡುಗಳಲ್ಲಿ 23 ಮತ್ತು 24ನೆಯ ಸಾಲು ನೋಡುವುದು. ಈ ಒಂದಕ್ಕೋಸ್ಕರವಾದರೂ ಸಂಗ್ರಹದ ಬಾಗಿಲು ತಟ್ಟಬಹುದು. ಅಚ್ಚಿನ ಪಾಠದಲ್ಲಿ ಅಲ್ಲಿರುವುದು ಕ್ಯಾನ್ಸರಿನಂಥ ಅಸಹ್ಯ, ಮುಗ್ಧ ನಾಲಿಗೆಗಳ ಮೇಲಿನ ವಾಸಿಯಾಗದ ಹುಣ್ಣಿನ ಕಹಿ ಮೆಲುಕು. ಮೊದಲ ಕರಡಿನ ಹಂತದಲ್ಲಿ ಅದೇ ಜಾಗದಲ್ಲಿ ಇದ್ದದ್ದು ಮೊಗ್ಗು! ಒಂದು ಕಾಲದಲ್ಲಿ ಅವನ ತಲೆ ಮೊಗ್ಗಿನ ಹಾಗಿತ್ತು, ಹಳ್ಳಿಯ ಗುಲಾಬಿಯಂತೆ ತಾಜಾ, ಚುರುಕು, ಎಳೆಯದು ಎಂಬ ಎರಡು ಸಾಲು. ‘ಬ್ಲಡ್’ಗೆ ಪ್ರಾಸವಾಗಿದ್ದ ‘ಬಡ್’ ಹೋಗಿ ‘ಕಡ್’ ಬಂತು. ಮೊಗ್ಗು ಹೋಗಿ ಮೆಲುಕು ಬಂತು. ‘ಲಂಗ್ಸ್’ಗೆ ಅರೆಬರೆ ಹೊಂದುತ್ತಿದ್ದ ‘ಯಂಗ್’ ಹೋಗಿ ‘ಟಂಗ್ಸ್’ ಬಂತು.

ಈ ತಿದ್ದುಪಡಿಯ ಅರ್ಥ ಹೇಳುವಾಗ ಎರಡು ದಾರಿ ತೆರೆಯುತ್ತವೆ. ಒಂದು: ಕವಿ ಶೋಕಗೀತೆಯನ್ನು ಬೇಕೆಂದೇ ಕೊಂದ. ಗುಲಾಬಿ ಬಂದೊಡನೆ ಸಾವು ಸುಂದರವಾಗುತ್ತದೆ, ಸುಂದರವಾದ ಸಾವೇ ಆ ಹಳೆಯ ಸುಳ್ಳಿನ ಬಂಡವಾಳ. ಆದ್ದರಿಂದ ಹೂವನ್ನು ಕಿತ್ತು ಹುಣ್ಣನ್ನು ಇಟ್ಟ. ಇನ್ನೊಂದು: ಮೊಗ್ಗು ಕಣ್ಣಿಗೆ ಕಾಣದಂತೆ ಅಲ್ಲೇ ಉಳಿದಿದೆ. 26ನೆಯ ಸಾಲಿನಲ್ಲಿ ‘ಮಕ್ಕಳು’ ಎಂಬ ಪದ ಬಂದಾಗ, ‘ಮುಗ್ಧ ನಾಲಿಗೆ’ ಎಂದಾಗ, ಆ ಎಳೆಯತನ ಬೇರೆ ವೇಷದಲ್ಲಿ ಹಿಂತಿರುಗುತ್ತದೆ. ಸತ್ತವನ ಎಳೆತನವನ್ನು ತೆಗೆದು ಕೇಳುಗರ ಎಳೆತನವನ್ನಾಗಿ ಮಾಡಲಾಗಿದೆ. ಮೊದಲ ಓದು ಕವಿತೆಯನ್ನು ವಾಗ್ವಾದವಾಗಿ ನೋಡುತ್ತದೆ, ಎರಡನೆಯದು ಅಡಗಿಸಿಟ್ಟ ಅಳುವಾಗಿ. ಅಚ್ಚಿನ ಪುಟ ಮಾತ್ರ ಇಟ್ಟುಕೊಂಡವರಿಗೆ ಎರಡನೆಯದು ಹೊಳೆಯುವುದು ಕಷ್ಟ.

ಮೂರನೆಯ ಹೆಜ್ಜೆ ಅರ್ಪಣೆ. ಒಂದು ಕರಡಿನಲ್ಲಿ ‘ಜೆಸ್ಸಿ ಪೋಪ್ ಮುಂತಾದವರಿಗೆ’ ಎಂದಿದೆ, ಇನ್ನೊಂದರಲ್ಲಿ ‘ಒಬ್ಬ ಕವಯಿತ್ರಿಗೆ’ ಎಂದು. ಅಚ್ಚಿನ ಪಾಠದಲ್ಲಿ ಎರಡೂ ಇಲ್ಲ. ಜೆಸ್ಸಿ ಪೋಪ್ ‘ಡೇಲಿ ಮೇಲ್’ ಪತ್ರಿಕೆಯಲ್ಲಿ ತರುಣರನ್ನು ಸೇನೆಗೆ ಹುರಿದುಂಬಿಸುವ ಪದ್ಯ ಬರೆಯುತ್ತಿದ್ದವರು. ಯುದ್ಧವನ್ನು ಆಟಕ್ಕೆ ಹೋಲಿಸಿದವರು. ಅರ್ಪಣೆ ಇಟ್ಟು ಓದಿದರೆ ಕವಿತೆ ಒಬ್ಬರಿಗೆ ಬರೆದ ಖಾರದ ಉತ್ತರ. ತೆಗೆದು ಓದಿದರೆ ಕಟಕಟೆಯಲ್ಲಿ ನಾವೇ. ಅರ್ಪಣೆಯನ್ನು ಹಿಡಿದೇ ಓದಬೇಕು ಎನ್ನುವವರು ಒಂದು ಅಡಚಣೆಗೆ ಉತ್ತರ ಕೊಡಬೇಕಾಗುತ್ತದೆ: ಸೈನ್ಯಕ್ಕೆ ಕಳಿಸಿದ ಮಂತ್ರಿಗಳು, ಸೇನಾಪತಿಗಳು, ಪಾದ್ರಿಗಳು ಎಲ್ಲರೂ ಇದ್ದಾಗ ಸಿಟ್ಟು ಒಬ್ಬ ಹೆಂಗಸಿನ ಮೇಲೆ ಯಾಕೆ ಹರಿಯಿತು? ಇದನ್ನೂ ಒಂದು ಓದು ಎಂದೇ ಲೆಕ್ಕ ಹಿಡಿಯಬೇಕು, ಕವಿಯನ್ನು ಕಾಪಾಡಲು ಹೋಗಿ ಬದಿಗೆ ಸರಿಸಬಾರದು. ಆ ‘ಮುಂತಾದವರಿಗೆ’ ಎಂಬ ಬಾಲಂಗೋಚಿ ಮಾತ್ರ ಗಮನಿಸತಕ್ಕದ್ದು. ಹೆಸರು ಒಬ್ಬರದಾದರೂ ಗುರಿ ಒಂದು ಜಾತಿಯ ಬರವಣಿಗೆ.

ಬಳಕೆಯ ತೊಂದರೆಗಳಿಗೆ ಬರೋಣ. ಕರಡುಗಳು ಎರಡು ಗ್ರಂಥಾಲಯಗಳ ಸ್ವತ್ತಾದ್ದರಿಂದ ಬೇರೆ ಬೇರೆ ದಾಖಲೆಗಳಾಗಿ ಬರುತ್ತವೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಓದುಗನೇ ಕಟ್ಟಿಕೊಳ್ಳಬೇಕು. ಒಂದು ಸರಳ ಸೂತ್ರವಿದೆ: ಒಂದು ಹಾಳೆಯಲ್ಲಿ ಹೊಡೆದುಹಾಕಿ ಮೇಲೆ ಬರೆದ ಪದ, ಇನ್ನೊಂದು ಹಾಳೆಯಲ್ಲಿ ಹೊಡೆತವಿಲ್ಲದೆ ಚೊಕ್ಕವಾಗಿ ಸಾಲಿನೊಳಗೇ ಬಂದಿದ್ದರೆ ಎರಡನೆಯದು ನಂತರದ್ದು. ಒಂದೇ ಪದ ನೋಡಿ ತೀರ್ಮಾನಿಸಬೇಡಿ, ಕನಿಷ್ಠ ಮೂರು ನಾಲ್ಕು ಕಡೆ ಈ ಪರೀಕ್ಷೆ ಒಂದೇ ಉತ್ತರ ಕೊಡಬೇಕು. ಕವಿ ಹಳೆಯ ಹಾಳೆಗೇ ಮರಳಿ ಬಂದು ತಿದ್ದುವುದೂ ಉಂಟು, ಆಗ ಸೂತ್ರ ಕೈಕೊಡುತ್ತದೆ. ಓವನ್‌ನ ಕೈಬರಹ ಹಾಗೆ ನೋಡಿದರೆ ಓದಲಾಗದ್ದೇನಲ್ಲ, ಆದರೆ ಫೋನಿನ ಪರದೆಯಲ್ಲಿ ಪ್ರಯತ್ನಿಸುವುದು ಕಣ್ಣಿಗೆ ಶಿಕ್ಷೆ. ದೊಡ್ಡ ಪರದೆ, ಒಂದು ಬದಿಗೆ ಚಿತ್ರ, ಇನ್ನೊಂದು ಬದಿಗೆ ಅಚ್ಚಿನ ಪಾಠ, ಸಾಲುಗಳಿಗೆ 1ರಿಂದ 28 ಅಂಕಿ ಹಾಕಿ ಇಟ್ಟುಕೊಂಡರೆ ಕೆಲಸ ಅರ್ಧ ಆದಂತೆ. ಚರಣಗಳು 8, 6, 2, 12 ಸಾಲುಗಳವು. ಈ ಲೆಕ್ಕ ತಪ್ಪಿದರೆ ಏನನ್ನೋ ಬಿಟ್ಟಿದ್ದೀರಿ.

ಆ 2 ಸಾಲಿನ ಚರಣದ ಬಗ್ಗೆ ಒಂದು ಮಾತು. ಪ್ರಾಸದ ಲೆಕ್ಕದಲ್ಲಿ 15 ಮತ್ತು 16ನೆಯ ಸಾಲು ಹಿಂದಿನ ಆರಕ್ಕೆ ಸೇರಿದವು. ಎಂಟೂ ಸೇರಿ ಒಂದು ಕಟ್ಟು. ನಡುವೆ ಜಾಗ ಬಿಟ್ಟು ಕವಿ ಅದನ್ನು ಒಡೆದಿದ್ದಾನೆ. 14ನೆಯ ಸಾಲಿನ ಕೊನೆಯ ಪದ ‘ಮುಳುಗುತ್ತಿರುವುದು’. 16ನೆಯ ಸಾಲಿನ ಕೊನೆಯ ಪದವೂ ಅದೇ. ಪ್ರಾಸವಲ್ಲ, ಪುನರಾವೃತ್ತಿ. ಕಾಲವೂ ಅಲ್ಲೇ ಪಲ್ಲಟವಾಗುತ್ತದೆ: ಅಲ್ಲಿಯವರೆಗೆ ನಡೆದುಹೋದ ಘಟನೆ, ಇಲ್ಲಿ ಈಗಲೂ ಎಲ್ಲ ಕನಸುಗಳಲ್ಲೂ ನಡೆಯುತ್ತಲೇ ಇರುವುದು. ಆಘಾತದ ಓದು ಹಿಡಿಯುವವರಿಗೆ ಇದೇ ಆಧಾರಸ್ತಂಭ. ಬರೆದದ್ದು ಎಲ್ಲಿ ಎಂಬುದೂ ಇದಕ್ಕೆ ಬಲ ಕೊಡುತ್ತದೆ. ಆದರೆ ಈ ಓದನ್ನೇ ಎಳೆದು ಇಡೀ ಕವಿತೆಯನ್ನು ರೋಗಲಕ್ಷಣವಾಗಿಸಿದರೆ ಕೊನೆಯ 12 ಸಾಲು ಅನಾಥವಾಗುತ್ತವೆ. ಅವು ಒಂದೇ ವಾಕ್ಯ, ಎರಡು ‘ಒಂದು ವೇಳೆ’ಗಳ ಮೇಲೆ ನಿಲ್ಲಿಸಿದ ಅಚ್ಚುಕಟ್ಟಾದ ವಾದ. ಕನಸಿನಲ್ಲಿ ಬಡಬಡಿಸುವವನು ಹಾಗೆ ವಾಕ್ಯ ಕಟ್ಟುವುದಿಲ್ಲ.

‘ಸುಳ್ಳಿನ ವಿರುದ್ಧ, ಯುದ್ಧದ ವಿರುದ್ಧವಲ್ಲ’ ಎಂಬ ಓದಿಗೆ ಸಾಕ್ಷಿ ಕವಿತೆಯ ಹೊರಗಿದೆ. ‘ಸುಟ್ಟುಹೋದ ಆತ್ಮಸಾಕ್ಷಿಯ ಯುದ್ಧನಿರಾಕರಣವಾದಿ’ ಎಂಬರ್ಥದಲ್ಲಿ 1917ರ ಪತ್ರದಲ್ಲಿ ತನ್ನನ್ನು ಕರೆದುಕೊಂಡ ಓವನ್ 1918ರಲ್ಲಿ ಮತ್ತೆ ಫ್ರಾನ್ಸಿಗೆ ಹೋದ, ಅಕ್ಟೋಬರ್ ಆರಂಭದ ಕಾದಾಟಕ್ಕೆ ಮಿಲಿಟರಿ ಕ್ರಾಸ್ ಪದಕ ಪಡೆದ. ಇದನ್ನು ಕಂಡು ‘ಹಾಗಾದರೆ ಇದು ಯುದ್ಧವಿರೋಧಿ ಕವಿತೆಯೇ ಅಲ್ಲ’ ಎನ್ನುವುದು ಆತುರ. ಮನುಷ್ಯ ಮಾಡಿದ್ದು ಬೇರೆ, ಸಾಲುಗಳು ಮಾಡುವುದು ಬೇರೆ. ಇನ್ನು ಐರಿಷ್ ಕವಿ ಯೇಟ್ಸ್‌ನಂಥವರು ಒಪ್ಪಲೇ ಇಲ್ಲ; ತಾನು ಸಂಪಾದಿಸಿದ 1936ರ ಆಧುನಿಕ ಕಾವ್ಯಸಂಕಲನದಿಂದ ಓವನ್‌ನನ್ನು ಹೊರಗಿಟ್ಟ, ಜಡವಾಗಿ ಅನುಭವಿಸುವ ನೋವು ಕಾವ್ಯಕ್ಕೆ ವಸ್ತುವಲ್ಲ ಎಂಬುದು ಅವನ ವಾದ. 16ನೆಯ ಸಾಲಿನ ಅಸಹಾಯಕ ನೋಟವನ್ನು ಎದುರಿಗಿಟ್ಟುಕೊಂಡು ಆ ಆಕ್ಷೇಪವನ್ನು ಪರೀಕ್ಷಿಸಬಹುದು. ತಳ್ಳಿಹಾಕುವಷ್ಟು ಸುಲಭದ್ದಲ್ಲ.

ಸಂಗ್ರಹ ಕೈಬಿಡುವ ಮೊದಲ ಜಾಗ ಪದಾರ್ಥ. ಹಸ್ತಪ್ರತಿ ಪದವನ್ನು ತೋರಿಸುತ್ತದೆ, ಅರ್ಥ ಹೇಳುವುದಿಲ್ಲ. ಈ ಕವಿತೆಯಲ್ಲಿ ಕನ್ನಡ ಓದುಗರು ಎಡವುವ ಪದಗಳು ಹೆಚ್ಚುಕಡಿಮೆ ನಿಗದಿತ. ‘ಹೆಲ್ಮೆಟ್’ ಎಂದರೆ ಇಲ್ಲಿ ಉಕ್ಕಿನ ಶಿರಸ್ತ್ರಾಣವಲ್ಲ. ಗ್ಯಾಸಿನಿಂದ ರಕ್ಷಣೆಗೆ ಮುಖಕ್ಕೆ ಏರಿಸುವ ಮುಸುಕನ್ನು, ರಾಸಾಯನಿಕದಲ್ಲಿ ಅದ್ದಿದ ಬಟ್ಟೆಯ ಗವಸನ್ನು, ಆಗಿನ ಬ್ರಿಟಿಷ್ ಸೈನಿಕರು ‘ಗ್ಯಾಸ್ ಹೆಲ್ಮೆಟ್’ ಎನ್ನುತ್ತಿದ್ದರು. 1916ರಿಂದ ಡಬ್ಬಿ ಮತ್ತು ಕೊಳವೆ ಇರುವ ರೆಸ್ಪಿರೇಟರ್ ಬಂತು, ಮಾತು ಮಾತ್ರ ಉಳಿದುಕೊಂಡಿತು. ಇದು ತಿಳಿಯದಿದ್ದರೆ ಗ್ಯಾಸ್ ಬಂದಾಗ ಸೈನಿಕರು ಟೋಪಿ ಹಾಕಿಕೊಳ್ಳಲು ಯಾಕೆ ಪರದಾಡಿದರು ಎಂಬ ನಗೆಪಾಟಲಿನ ಪ್ರಶ್ನೆ ಏಳುತ್ತದೆ. 13ನೆಯ ಸಾಲಿನ ‘ಮಸುಕು ಗಾಜು’ ಎಂದರೆ ಕಿಟಕಿಯಲ್ಲ, ಆ ಮುಸುಕಿನ ಕಣ್ಣುಗಾಜು; ಅಂದರೆ ಸಾಯುವವನನ್ನು ನೋಡುತ್ತಿರುವವನು ಮುಸುಕಿನೊಳಗೆ ಸುರಕ್ಷಿತ. ಇಡೀ ಕವಿತೆಯ ಪಾಪಪ್ರಜ್ಞೆ ಆ ಗಾಜಿನ ಮೇಲೆ ನಿಂತಿದೆ.

12ನೆಯ ಸಾಲಿನ ‘ಲೈಮ್’ ನಿಂಬೆಯಲ್ಲ. ಸುಟ್ಟ ಸುಣ್ಣ, ಮೈಗೆ ತಾಗಿದರೆ ಬೇಯಿಸುವಂಥದ್ದು. ಹಕ್ಕಿ ಹಿಡಿಯುವ ಅಂಟು ಎಂಬ ಅರ್ಥವೂ ಪದಕೋಶದಲ್ಲಿದೆ. ಒದ್ದಾಡುವ ಚಿತ್ರಕ್ಕೆ ಅದೂ ಹೊಂದುತ್ತದೆ, ಆದರೆ ಪಕ್ಕದಲ್ಲೇ ಬೆಂಕಿ ಇರುವುದರಿಂದ ಸುಣ್ಣವೇ ಮುಂದು. ‘ಎಕ್ಸ್‌ಟಸಿ’ಯನ್ನು ‘ಪರಮಾನಂದ’ ಎಂದು ಅನುವಾದಿಸಿದರೆ ಸಾಲು ಸತ್ತಂತೆ. ತನ್ನಿಂದ ತಾನು ಹೊರಬೀಳುವುದು ಎಂಬ ಮೂಲದ ಗ್ರೀಕ್ ಅರ್ಥ ಹಿಡಿದು ‘ತಡಕಾಟದ ಉನ್ಮಾದ’ ಎನ್ನಬಹುದು. ಉನ್ಮಾದದಲ್ಲಿ ಸುಖದ ನೆರಳೂ ಇದೆ, ಹುಚ್ಚೂ ಇದೆ. 16ನೆಯ ಸಾಲಿನ ‘ಗಟರಿಂಗ್’ ಏಕಕಾಲಕ್ಕೆ ಮೇಣದ ಬತ್ತಿ ಆರುವ ಮುಂಚಿನ ತಲ್ಲಣ, ಚರಂಡಿಯಲ್ಲಿ ನೀರಿನ ಗೊಳಗೊಳ, ಗಂಟಲಿನ ಸದ್ದು. ಕನ್ನಡದ ಅನುಕರಣ ಶಬ್ದಗಳು ಇಲ್ಲಿ ಇಂಗ್ಲಿಷಿಗಿಂತ ಶ್ರೀಮಂತ. ‘ಗೊರಗೊರ’ ಮತ್ತು ‘ಗೊಳಗೊಳ’ದ ನಡುವೆ ಆರಿಸುವ ಭಾಗ್ಯ ಓವನ್‌ಗೆ ಇರಲಿಲ್ಲ.

ಯಾವ ಗ್ಯಾಸು ಎಂಬ ಪ್ರಶ್ನೆಯನ್ನು ಟಿಪ್ಪಣಿಗಳು ‘ಕ್ಲೋರಿನ್’ ಎಂದು ಮುಗಿಸುತ್ತವೆ. ಹಸಿರು ಬಣ್ಣ, ಮುಳುಗುವ ಉಪಮೆ ಎರಡೂ ಅದರ ಕಡೆಗೇ ಬೆರಳು ತೋರುತ್ತವೆ: ಕ್ಲೋರಿನ್ ಹಳದಿಹಸಿರು, ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ಶ್ವಾಸಕೋಶಕ್ಕೆ ನೀರು ತುಂಬಿಸುತ್ತದೆ, ಒಣನೆಲದ ಮೇಲೆ ಮುಳುಗುವುದು ವೈದ್ಯಕೀಯವಾಗಿಯೂ ನಿಜ. ಆದರೆ ಕವಿತೆ ಹೆಸರು ಹೇಳುವುದಿಲ್ಲ, ಮತ್ತು 1917ರ ಹೊತ್ತಿಗೆ ಫಾಸ್ಜೀನ್ ಬಳಕೆಯಲ್ಲಿತ್ತು. ಅದೂ ಶ್ವಾಸಕೋಶಕ್ಕೆ ನೀರು ತುಂಬಿಸಿಯೇ ಕೊಲ್ಲುತ್ತದೆ. ಇಲ್ಲಿ ಖಚಿತತೆಗೆ ಹಟ ಹಿಡಿಯುವುದರಿಂದ ಓದಿಗೆ ಲಾಭವಿಲ್ಲ.

ಕೈಬಿಡುವ ಎರಡನೆಯ ಜಾಗ ಧ್ವನಿ. ಸಂಗ್ರಹದಲ್ಲಿ ಧ್ವನಿಮುದ್ರಣಗಳಿದ್ದರೂ ಓವನ್‌ನ ದನಿ ಎಲ್ಲೂ ಉಳಿದಿಲ್ಲ. ಕೇಳುವುದೆಲ್ಲ ಬೇರೆಯವರ ವ್ಯಾಖ್ಯಾನ. ವಾಚನವನ್ನು ಅಳೆಯಲು ಎರಡು ಕಡೆ ಕಿವಿಯಿಟ್ಟರೆ ಸಾಕು. ಒಂದು, ಒಂಬತ್ತನೆಯ ಸಾಲು. ಮೊದಲ ‘ಗ್ಯಾಸ್’ ಸಾಮಾನ್ಯ ಅಕ್ಷರದಲ್ಲಿದೆ, ಎರಡನೆಯದು ಪೂರ್ತಿ ದೊಡ್ಡ ಅಕ್ಷರದಲ್ಲಿ. ಎರಡನ್ನೂ ಒಂದೇ ಎತ್ತರದಲ್ಲಿ ಕೂಗುವವನು ಪುಟ ನೋಡಿಲ್ಲ: ಮೊದಲನೆಯದು ಅನುಮಾನ, ಎರಡನೆಯದು ಖಾತ್ರಿ. ಇನ್ನೊಂದು ಕೊನೆಯ ಸಾಲು. ಲ್ಯಾಟಿನ್ನಿನ ‘ಮೋರಿ’ (ಸಾಯುವುದು) 26ನೆಯ ಸಾಲಿನ ‘ಗ್ಲೋರಿ’ಗೆ ಪ್ರಾಸ. ‘ಮೊರೈ’ ಎಂದು ಹಳೆಯ ಇಂಗ್ಲಿಷ್ ರೂಢಿಯಲ್ಲಿ ಉಚ್ಚರಿಸಿದರೆ ಪ್ರಾಸ ಮುರಿಯುತ್ತದೆ, ಕೀರ್ತಿಗೂ ಸಾವಿಗೂ ಕವಿ ಹಾಕಿದ ಗಂಟು ಬಿಚ್ಚಿಹೋಗುತ್ತದೆ. ಕನ್ನಡದ ಕಿವಿಗೆ ‘ಗ್ಲೋರಿ’ ಹೋಗಿ ‘ಮೋರಿ’ಗೆ ಬಿದ್ದಂತೆ ಕೇಳುವುದು ಶುದ್ಧ ಆಕಸ್ಮಿಕ, ಆದರೂ ‘ಗಟರಿಂಗ್’ ಇರುವ ಕವಿತೆಯಲ್ಲಿ ಅಂಥ ಆಕಸ್ಮಿಕ ಸಿಕ್ಕರೆ ಬೇಡವೆನ್ನುವವರು ಯಾರು? ಕೊನೆಯ ಸಾಲಿನಲ್ಲಿ ಇರುವುದು 6 ಉಚ್ಚಾರಾಂಶ ಮಾತ್ರ. ಸಾಮಾನ್ಯ ಸಾಲಿಗೆ 10. ಉಳಿದ ನಾಲ್ಕು ಮೌನ. ಒಳ್ಳೆಯ ವಾಚಕ ಆ ನಾಲ್ಕನ್ನೂ ಓದುತ್ತಾನೆ.

ಲ್ಯಾಟಿನ್ ಸಾಲು ಪ್ರಾಚೀನ ರೋಮಿನ ಕವಿ ಹೊರೇಸ್‌ನದು, ಅವನ ‘ಓಡ್ಸ್’ ಮೂರನೆಯ ಸಂಪುಟದ ಎರಡನೆಯ ಪದ್ಯದ್ದು: ನಾಡಿಗಾಗಿ ಸಾಯುವುದು ಸಿಹಿ, ಯೋಗ್ಯ. 1913ರಲ್ಲಿ ಅದನ್ನು ಸ್ಯಾಂಡ್‌ಹರ್ಸ್ಟ್ ಸೇನಾ ಕಾಲೇಜಿನ ಪ್ರಾರ್ಥನಾ ಮಂದಿರದ ಗೋಡೆಗೆ ಕೆತ್ತಲಾಗಿತ್ತು. ಇಂಗ್ಲಿಷ್ ಶಾಲೆ ಓದಿದ ತರುಣನಿಗೆ ಅದು ಅಪರಿಚಿತ ಲ್ಯಾಟಿನ್ ಅಲ್ಲ, ಬಾಯಿಪಾಠ. ಕನ್ನಡಕ್ಕೆ ತರುವಾಗ ಈ ಬಾಯಿಪಾಠದ ಗುಣ ಉಳಿಸುವುದೇ ದೊಡ್ಡ ಕಷ್ಟ. ಲ್ಯಾಟಿನ್ನನ್ನೇ ಬಿಟ್ಟರೆ ಓದುಗನಿಗೆ ಅದು ಬರೀ ಒಗಟು. ಅರ್ಥ ಬರೆದರೆ ಶಾಲಾ ಗೋಡೆ ಮಾಯ. ನಮ್ಮಲ್ಲಿ ವೀರಗಲ್ಲುಗಳ ಮೇಲೆ ಕೆತ್ತಿರುವ ‘ಜಿತೇನ ಲಭ್ಯತೇ ಲಕ್ಷ್ಮೀಃ ಮೃತೇನಾಪಿ ಸುರಾಂಗನಾ’ ಅದೇ ಜಾತಿಯ ಮಾತು: ಪರಭಾಷೆಯದು, ಕಲ್ಲಿನ ಮೇಲಿನದು, ಗೆದ್ದರೆ ಸಂಪತ್ತು, ಸತ್ತರೆ ಅಪ್ಸರೆ ಎನ್ನುವಂಥದು. ಅನುವಾದದಲ್ಲಿ ಅದನ್ನೇ ಕೂರಿಸಿದರೆ ಸುಳ್ಳಿನ ತೂಕ ಬರುತ್ತದೆ, ಆದರೆ ಕವಿತೆ ಫ್ರಾನ್ಸಿನ ಕೆಸರು ಬಿಟ್ಟು ಬಂದುಬಿಡುತ್ತದೆ. ಪಠ್ಯದಲ್ಲಿ ಲ್ಯಾಟಿನ್, ಅಡಿಟಿಪ್ಪಣಿಯಲ್ಲಿ ವೀರಗಲ್ಲು: ಇದು ನಮ್ಮ ಶಿಫಾರಸು.

ಯಂತ್ರಾನುವಾದ ಸೇವೆಗಳನ್ನು ಪಕ್ಕದಲ್ಲಿಟ್ಟುಕೊಂಡು ಓದುವವರಿಗೆ ಎಚ್ಚರಿಕೆ: ಮೇಲೆ ಹೇಳಿದ ಐದಾರು ಪದಗಳನ್ನು ಮೊದಲು ಪರೀಕ್ಷಿಸಿ. ಅವುಗಳಲ್ಲಿ ಎರಡು ತಪ್ಪಿದ್ದರೂ ಉಳಿದದ್ದನ್ನು ಓದಬೇಕಿಲ್ಲ. ಸಿದ್ಧ ಟಿಪ್ಪಣಿ ಪುಸ್ತಕಗಳ ದೋಷ ಬೇರೆ ಬಗೆಯದು. ಅವು ತಪ್ಪು ಹೇಳುವುದು ಕಡಿಮೆ, ಆದರೆ ಒಂದೇ ಓದನ್ನು ಹೇಳಿ ಬಾಗಿಲು ಹಾಕುತ್ತವೆ. ಪ್ರತಿ ಉಪಮೆಗೂ ‘ಯುದ್ಧದ ಭೀಕರತೆಯನ್ನು ತೋರಿಸುತ್ತದೆ’ ಎಂದು ಬರೆದಿರುವ ಟಿಪ್ಪಣಿಯನ್ನು ಯಾವ ಯುದ್ಧಕವಿತೆಗೆ ಬೇಕಾದರೂ ಅಂಟಿಸಬಹುದು.

ಹಾಗಾದರೆ ಸಂಗ್ರಹ ಯಾರಿಗೆ? ಕವಿತೆಯನ್ನು ಮೊದಲ ಸಲ ಓದುವವರಿಗಲ್ಲ. ಅವರು ಹೊಡೆದುಹಾಕಿದ ಸಾಲುಗಳ ನಡುವೆ ಕಳೆದುಹೋಗುತ್ತಾರೆ. ಎಲ್ಲ ವಿವರಣೆಯೂ ಇಂಗ್ಲಿಷಿನಲ್ಲಿ, ಇಂಗ್ಲಿಷಿನ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಆದರೆ ಎರಡು ಸಲ ಓದಿ, ಪದಾರ್ಥ ಮುಗಿಸಿ, ತನ್ನದೊಂದು ಅಭಿಪ್ರಾಯ ಕಟ್ಟಿಕೊಂಡವರಿಗೆ, ತರಗತಿಯಲ್ಲಿ ಕಲಿಸುವವರಿಗೆ, ಅನುವಾದಕರಿಗೆ ಇದಕ್ಕಿಂತ ಒಳ್ಳೆಯದು ಪುಕ್ಕಟೆಗೆ ಸಿಗದು. ಐದಕ್ಕೆ ನಾಲ್ಕು ಕೊಡಬಹುದು. ಕಳೆದ ಒಂದು, ಕರಡುಗಳ ಕ್ರಮವನ್ನು ಓದುಗನ ತಲೆಗೆ ಕಟ್ಟಿದ್ದಕ್ಕೆ.

ಅನುವಾದಕರಿಗೆ ಇದು ಎಷ್ಟು ನೆರವಾಗುತ್ತದೆ, ಎಷ್ಟು ಇಕ್ಕಟ್ಟಿಗೆ ತಳ್ಳುತ್ತದೆ ಎಂಬುದಕ್ಕೆ ಕೊನೆಯ ವಾಕ್ಯ ಸಾಕು. ಇಂಗ್ಲಿಷಿನಲ್ಲಿ ‘ನೀನು ಹೇಳುತ್ತಿರಲಿಲ್ಲ’ ಎಂಬುದು 25ನೆಯ ಸಾಲಿನಲ್ಲೇ ಬಂದು, ಸುಳ್ಳು ಕೊನೆಗೆ ಬರುತ್ತದೆ. ಕನ್ನಡದ ಸಹಜ ಕ್ರಮದಲ್ಲಿ ಕ್ರಿಯಾಪದ ಕಡೆಗೆ: ‘ಕಂಡಿದ್ದರೆ, ಕೇಳಿದ್ದರೆ, ಆ ಸುಳ್ಳನ್ನು ಹೇಳುತ್ತಿರಲಿಲ್ಲ’. ಆಗ ಕವಿತೆ ಮುಗಿಯುವುದು ಸುಳ್ಳಿನಲ್ಲಲ್ಲ, ನಿರಾಕರಣೆಯಲ್ಲಿ. ನಾಲ್ಕು ಉಚ್ಚಾರಾಂಶದ ಮೌನ ತುಂಬಿಹೋಗುತ್ತದೆ. ‘ಹೇಳುತ್ತಿರಲಿಲ್ಲ’ವನ್ನು ಮುಂದಕ್ಕೆ ತಂದು, ‘ಆ ಹಳೆಯ ಸುಳ್ಳು’ ಎಂದು ನಿಲ್ಲಿಸಿ, ಲ್ಯಾಟಿನ್ನನ್ನು ಕಡೆಗೆ ಬಿಡುವುದೇ ದಾರಿ. ಪದ್ಯದಲ್ಲಿ ಅಷ್ಟು ಹಿಂದುಮುಂದಿಗೆ ಅವಕಾಶವಿದೆ. ‘ಸುಳ್ಳು’ ಎಂಬುದಕ್ಕೆ ಇಂಗ್ಲಿಷಿನಲ್ಲಿರುವ ದೊಡ್ಡಕ್ಷರ ಮಾತ್ರ ಕನ್ನಡಕ್ಕೆ ಬಾರದು, ನಮ್ಮ ಲಿಪಿಯಲ್ಲಿ ಆ ಸೌಕರ್ಯವಿಲ್ಲ.

ಅದಕ್ಕಿಂತ ಬಿಡಿಸಲಾಗದ್ದು ಅದೇ 25ನೆಯ ಸಾಲಿನ ‘ಮೈ ಫ್ರೆಂಡ್’. ಇಂಗ್ಲಿಷಿನ ಆ ಪದಕ್ಕೆ ಲಿಂಗವಿಲ್ಲ, ‘ಯೂ’ ಎಂಬುದಕ್ಕೆ ಮರ್ಯಾದೆಯ ಮೆಟ್ಟಿಲಿಲ್ಲ. ಕನ್ನಡದಲ್ಲಿ ‘ಗೆಳತಿ’ ಎಂದರೆ ಕವಿಯೇ ತೆಗೆದುಹಾಕಿದ ಅರ್ಪಣೆಯನ್ನು ಅನುವಾದಕ ಹಿಂಬಾಗಿಲಿಂದ ಒಳಗೆ ತಂದಂತೆ. ‘ಗೆಳೆಯ’ ಎಂದರೆ ಕರಡಿನಲ್ಲಿದ್ದ ಹೆಂಗಸು ಗಂಡಸಾಗಿ ಬದಲಾಗುತ್ತಾಳೆ. ‘ಮಿತ್ರರೇ’ ಎಂದರೆ ಲಿಂಗ ತಪ್ಪುತ್ತದೆ, ಆದರೆ ಸಭೆಯ ಭಾಷಣವಾಗುತ್ತದೆ. ‘ನೀವು’ ಎಂದರೆ ವ್ಯಂಗ್ಯ ಚುರುಕು, ‘ನೀನು’ ಎಂದರೆ ಆಪಾದನೆ ನೇರ. ಕರಡು ಹಾಳೆಗಳನ್ನು ಎಷ್ಟು ಹಿಗ್ಗಿಸಿ ನೋಡಿದರೂ ಇದಕ್ಕೆ ಉತ್ತರ ಸಿಗುವುದಿಲ್ಲ. ‘ನೀವು’ ಇಟ್ಟು ಒಂದು, ‘ನೀನು’ ಇಟ್ಟು ಇನ್ನೊಂದು, ಹೀಗೆ ಎರಡು ಅನುವಾದ ಮಾಡಿ ಗಟ್ಟಿಯಾಗಿ ಓದಿ ನೋಡುವುದೇ ಸರಿ.